ಬಾವುಟದಾಚೆಯ ಬೀದಿ

ಪ್ರತಿವರ್ಷ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಸಿಕ್ಸ್ತ್ ಅವೆನ್ಯೂದಲ್ಲಿ ಡೊಮಿನಿಕನ್ನರ ಮೆರವಣಿಗೆ ಹೊರಡುತ್ತದೆ. 1982ರಿಂದ ನಡೆದುಬಂದಿರುವ ಮೆರವಣಿಗೆ ಇದು. ಬಿಳಿ ಶಿಲುಬೆಯ ಕೆಂಪು-ನೀಲಿ ಬಾವುಟ ಹೊದ್ದವರು, ಕೊಂಬಿನ ಮುಖವಾಡ ತೊಟ್ಟ ಕಾರ್ನಿವಲ್ ಭೂತಗಳು, ಕಿವಿಗಡಚಿಕ್ಕುವ ಸಂಗೀತ: ಕ್ಯಾಮೆರಾ ಹಿಡಿದವರಿಗೆ ಬೇಕಾದದ್ದೆಲ್ಲ ಅಲ್ಲಿದೆ. ಹಾಗಿದ್ದೂ ಅಲ್ಲಿ ತೆಗೆದ ಚಿತ್ರಗಳು ನೋಡಿದ ಮರುಗಳಿಗೆ ಮನಸ್ಸಿನಲ್ಲಿ ಕಲಸಿಹೋಗುತ್ತವೆ. ಬಾವುಟ ಬದಲಿಸಿದರೆ ಅದೇ ಚಿತ್ರ ಇನ್ನೊಂದು ದೇಶದವರಿಗೂ ಒಪ್ಪುತ್ತದೆ. ವಲಸೆ ಬಂದವರ ಗುರುತನ್ನು ಬೀದಿಯಲ್ಲಿ ಹುಡುಕುವವನು ಅವರು ಏನು ಹೊದ್ದಿದ್ದಾರೆ ಎಂದು ನೋಡಿದರೆ ಸಾಲದು, ಬೀದಿಯನ್ನು ಹೇಗೆ ಬಳಸುತ್ತಾರೆ ಎಂದು ನೋಡಬೇಕು. ಅದು ಒಂದು ಭಾನುವಾರದಲ್ಲಿ ಕಣ್ಣಿಗೆ ಬೀಳುವಂಥದ್ದಲ್ಲ.

ಮ್ಯಾನ್‌ಹಟನ್ನಿನ ಉತ್ತರ ತುದಿಯ ವಾಷಿಂಗ್ಟನ್ ಹೈಟ್ಸ್ ಇದಕ್ಕೆ ಒಳ್ಳೆಯ ನಿದರ್ಶನ. ಒಂದು ಕಾಲಕ್ಕೆ ಜರ್ಮನ್ ಯೆಹೂದಿಗಳೂ ಐರಿಷರೂ ತುಂಬಿದ್ದ ಬಡಾವಣೆ ಅದು. ಅತ್ತ ಡೊಮಿನಿಕನ್ ರಿಪಬ್ಲಿಕ್ಕಿನಲ್ಲಿ ಸರ್ವಾಧಿಕಾರಿ ಟ್ರುಹಿಯೊ ತನ್ನ ಪ್ರಜೆಗಳಿಗೆ ಪಾಸ್‌ಪೋರ್ಟೇ ಸಿಗದಂತೆ ಬಿಗಿಹಿಡಿದಿದ್ದ. 1961ರಲ್ಲಿ ಅವನ ಹತ್ಯೆಯಾಯಿತು. 1965ರ ಅಂತರ್ಯುದ್ಧ, ಅಮೆರಿಕದ ಸೇನೆಯ ಪ್ರವೇಶ, ಅದೇ ವರ್ಷ ಬದಲಾದ ಅಮೆರಿಕದ ವಲಸೆ ಕಾನೂನು, ಇವೆಲ್ಲ ಸೇರಿ ಆ ದೇಶದ ಬಾಗಿಲು ತೆರೆದವು, ಹೊರಟವರಲ್ಲಿ ಅನೇಕರು ಈ ಬಡಾವಣೆಗೆ ಬಂದು ನೆಲೆಸಿದರು. ಡೊಮಿನಿಕನ್-ಅಮೆರಿಕನ್ ಛಾಯಾಗ್ರಾಹಕ ವಿನ್‌ಸ್ಟನ್ ವರ್ಗಾಸ್ ವಾಷಿಂಗ್ಟನ್ ಹೈಟ್ಸ್‌ನಲ್ಲಿ ಕಪ್ಪುಬಿಳುಪು ಚಿತ್ರಗಳನ್ನು ತೆಗೆಯುತ್ತಿದ್ದುದು ಆ ಕಾಲದಲ್ಲೇ. ಕ್ಷೌರದಂಗಡಿಯಂಥ ದಿನಬಳಕೆಯ ಜಾಗಗಳೇ ಅವರ ವಸ್ತು. 2017ರಲ್ಲಿ ವಾಷಿಂಗ್ಟನ್ ನಗರದ ಸ್ಮಿತ್ಸೋನಿಯನ್ ಕಲಾಸಂಗ್ರಹಾಲಯ ಲ್ಯಾಟಿನೊ ಛಾಯಾಗ್ರಾಹಕರು ಕಂಡ ನಗರಗಳ ಪ್ರದರ್ಶನ ಏರ್ಪಡಿಸಿದಾಗ ಅವು ಗೋಡೆಗೇರಿದವು. ಬಡಾವಣೆಗೆ ಡೊಮಿನಿಕನ್ ಎಂಬ ಹೆಸರು ಗಟ್ಟಿಯಾಗಿ ಅಂಟುವ ಮೊದಲೇ ತೆಗೆದವಾದ್ದರಿಂದ ಆ ಚಿತ್ರಗಳು ಏನನ್ನೂ ಸಾರಲು ಹೊರಟಿಲ್ಲ, ಅದೇ ಅವುಗಳ ಬಲ. ಬೇಸಿಗೆಯಲ್ಲಿ ಅಲ್ಲಿನ ಫುಟ್‌ಪಾತ್ ನಮ್ಮ ಹಳೆಯ ಮನೆಗಳ ಜಗಲಿಯಂತಾಗುತ್ತದೆ. ಮಡಚುವ ಕುರ್ಚಿ ಹೊರಬರುತ್ತದೆ, ನಾಲ್ವರು ಎದುರುಬದುರಾಗಿ ಕೂತು ಡಾಮಿನೋ ಬಿಲ್ಲೆಗಳನ್ನು ಮೇಜಿಗೆ ಕುಟ್ಟುತ್ತಾರೆ, ಸಲೂನಿನಿಂದ ಹೊರಟ ಹೆಂಗಸು ತಲೆತುಂಬ ರೋಲರ್ ಸುತ್ತಿಕೊಂಡೇ ತರಕಾರಿ ಕೊಳ್ಳಲು ನಿಲ್ಲುತ್ತಾಳೆ. ಇಂಥದ್ದನ್ನು ಹಿಡಿಯಲು ಚುರುಕು ಬೆರಳಿಗಿಂತ ಹೆಚ್ಚಾಗಿ ಬೇಕಾದದ್ದು ಅದೇ ಮೂಲೆಯಲ್ಲಿ ದಿನಗಟ್ಟಲೆ ನಿಲ್ಲುವ ತಾಳ್ಮೆ.

ಡಾಮಿನೋವನ್ನು ಪೋರ್ಟೊರಿಕೊದವರೂ ಕ್ಯೂಬನ್ನರೂ ಆಡುತ್ತಾರಲ್ಲ, ಇದರಲ್ಲಿ ಡೊಮಿನಿಕನ್ ಎಂಬುದೇನು ಬಂತು ಎಂಬ ಆಕ್ಷೇಪ ನ್ಯಾಯವಾದದ್ದೇ. ಒಂದು ಚಿತ್ರ ಒಂಟಿಯಾಗಿ ಇದಕ್ಕೆ ಉತ್ತರ ಕೊಡಲಾರದು. ಹತ್ತಾರು ಚಿತ್ರಗಳನ್ನು ಸಾಲಾಗಿ ಇಟ್ಟಾಗ ಕೂದಲು, ಬಣ್ಣ, ಅಂಗಡಿಯ ಬೋರ್ಡು, ಸಂಸಾರಗಳು ಒಂದನ್ನೊಂದು ಹಿಡಿದು ಮಾತಾಡತೊಡಗುತ್ತವೆ. ಮೈಬಣ್ಣದ ವಿಚಾರ ಇಲ್ಲಿ ಎಲ್ಲಕ್ಕಿಂತ ಸಿಕ್ಕಿನದು. ಒಂದೇ ದ್ವೀಪದ ನೆರೆಯ ಹೈಟಿಯವರಿಂದ ತಮ್ಮನ್ನು ಬೇರ್ಪಡಿಸಿಕೊಳ್ಳುವ ಹಟದಲ್ಲಿ ಡೊಮಿನಿಕನ್ ಸರ್ಕಾರ ದಶಕಗಳ ಕಾಲ ಗುರುತಿನ ಚೀಟಿಯಲ್ಲಿ ಕಂದುಬಣ್ಣದವರನ್ನು ‘ಇಂಡಿಯೊ’, ಅಂದರೆ ಮೂಲನಿವಾಸಿ, ಎಂದು ಬರೆಯಿತು. ಆ ದ್ವೀಪದ ಮೂಲನಿವಾಸಿಗಳು ಸ್ಪ್ಯಾನಿಷರ ಆಳ್ವಿಕೆಯ ಮೊದಲ ಶತಮಾನದಲ್ಲೇ ಬಹುಪಾಲು ನಾಶವಾಗಿದ್ದರೂ ಕಾಗದದಲ್ಲಿ ಅವರ ವಂಶ ಬೆಳೆಯುತ್ತಲೇ ಇತ್ತು! ನ್ಯೂಯಾರ್ಕಿಗೆ ಬಂದಿಳಿದ ಮೇಲೆ ಅದೇ ಮನುಷ್ಯನನ್ನು ಅಲ್ಲಿಯವರು ಸೀದಾ ಕರಿಯ ಎಂದರು. ಕ್ಯಾಮೆರಾ ಈ ಎರಡೂ ಹಣೆಪಟ್ಟಿಗಳನ್ನು ಓದುವುದಿಲ್ಲ ಎನ್ನಬಹುದು, ಆದರೆ ಅದೂ ಪೂರ್ತಿ ನಿಷ್ಪಕ್ಷಪಾತಿಯಲ್ಲ. ಲೈಟ್ ಮೀಟರ್ ಎಲ್ಲವನ್ನೂ ನಡುಬೂದಿ ಬಣ್ಣಕ್ಕೆ ಎಳೆಯುತ್ತದೆ. ಕಲರ್ ಪ್ರಿಂಟಿನ ಹದ ನೋಡುವ ಕೊಡಾಕ್ ಕಾರ್ಡುಗಳಲ್ಲಿ ಬಹುಕಾಲ ಇದ್ದದ್ದು ಬಿಳಿಯ ಹೆಂಗಸಿನ ಮುಖ. ಬಿರುಬಿಸಿಲಿನ ಕಾಂಕ್ರೀಟಿನ ಮೇಲೆ ನಿಂತ ಕಪ್ಪುಮುಖಕ್ಕೆ ಎಕ್ಸ್‌ಪೋಷರ್ ಹೊಂದಿಸಿದರೆ ಹಿನ್ನೆಲೆ ಬೆಳ್ಳಗೆ ಸುಟ್ಟುಹೋಗುತ್ತದೆ, ಹಿನ್ನೆಲೆಗೆ ಹೊಂದಿಸಿದರೆ ಮುಖ ನೆರಳಾಗುತ್ತದೆ. ಛಾಯಾಗ್ರಾಹಕ ಯಾವುದನ್ನು ಉಳಿಸಿಕೊಂಡ ಎಂಬುದರಲ್ಲೇ ಅವನು ಯಾರಿಗಾಗಿ ಚಿತ್ರ ತೆಗೆದ ಎಂಬುದು ಗೊತ್ತಾಗಿಬಿಡುತ್ತದೆ.

ಹಾಗಾದರೆ ಸಮುದಾಯದವರೇ ತೆಗೆಯಬೇಕೆ? ಛಾಯಾಗ್ರಾಹಕ ಬ್ರೂಸ್ ಡೇವಿಡ್‌ಸನ್ ಹೊರಗಿನವರು. 1960ರ ದಶಕದಲ್ಲಿ ಅವರು ಈಸ್ಟ್ ಹಾರ್ಲೆಮ್‌ನ ಒಂದೇ ಬೀದಿಗೆ ಎರಡು ವರ್ಷ ಹೋಗಿ, ಸ್ಟ್ಯಾಂಡಿನ ಮೇಲೆ ದೊಡ್ಡ ಕ್ಯಾಮೆರಾ ನಿಲ್ಲಿಸಿ, ತೆಗೆದ ಪ್ರಿಂಟುಗಳನ್ನು ಅಲ್ಲಿಯವರಿಗೇ ಕೊಟ್ಟರು. ಆಗಲೂ ಬಡತನವನ್ನು ಪ್ರದರ್ಶನಕ್ಕಿಟ್ಟರೆಂದು ದೂರಿದವರಿದ್ದರು. ನನ್ನ ಮಟ್ಟಿಗೆ ಆ ಚಿತ್ರಗಳು ನಿಲ್ಲುತ್ತವೆ, ಕಾರಣ ಆ ಎರಡು ವರ್ಷ. ಇದಕ್ಕೆ ವ್ಯತಿರಿಕ್ತವಾದದ್ದು 1992ರ ಜುಲೈ. ಪೊಲೀಸನ ಗುಂಡಿಗೆ ಡೊಮಿನಿಕನ್ ಯುವಕನೊಬ್ಬ ಸತ್ತು ವಾಷಿಂಗ್ಟನ್ ಹೈಟ್ಸ್‌ನಲ್ಲಿ ಗಲಭೆಯೆದ್ದಾಗ ಪತ್ರಿಕೆಗಳ ಕ್ಯಾಮೆರಾಗಳು ಧಾವಿಸಿದವು, ಬೆಂಕಿ ಆರಿದ ಮೇಲೆ ಮರಳಿದವು. ಆ ಚಿತ್ರಗಳು ಸುಳ್ಳಲ್ಲ, ಸುದ್ದಿಗೆ ಅವು ಬೇಕಿದ್ದವು. ಆದರೆ ಹೊರಗಿನವರಿಗೆ ಬಡಾವಣೆ ಎಂದರೆ ಅಷ್ಟೇ ಆಗಿಬಿಟ್ಟಿತು.

ಒಳಗಿನವರ ಕಣ್ಣಿಗೂ ಒಂದು ದೌರ್ಬಲ್ಯವಿದೆ: ಅದು ತನ್ನವರನ್ನು ಚೆಂದಗಾಣಿಸಲು ನೋಡುತ್ತದೆ. 2019ರಲ್ಲಿ ಜಾಲಿ ಬ್ರೌನ್-ಸೆಪೆಡಾ ಆರಂಭಿಸಿದ ನ್ವೇವಯೋರ್ಕಿನೋಸ್ ಎಂಬ ಸಂಗ್ರಹ ಲ್ಯಾಟಿನೊ ಕುಟುಂಬಗಳ ಆಲ್ಬಮ್ ಚಿತ್ರಗಳನ್ನು ಇನ್‌ಸ್ಟಾಗ್ರಾಮಿನಲ್ಲಿ ಕೂಡಿಡುತ್ತದೆ. ಎಲ್ಲರೂ ಒಳ್ಳೆಯ ಬಟ್ಟೆ ತೊಟ್ಟು ಪೋಸ್ ಕೊಡುವ ಇಂಥ ಚಿತ್ರಗಳನ್ನು ಬೀದಿ ಛಾಯಾಗ್ರಹಣವೆಂದು ಕರೆಯಲು ಶುದ್ಧವಾದಿಗಳು ಒಪ್ಪಲಾರರು. ಎದುರಿಗಿರುವವನಿಗೆ ಗೊತ್ತಾಗದಂತೆ ಕ್ಲಿಕ್ಕಿಸಬೇಕೆಂಬುದು ಅವರ ವ್ರತ. ಆದರೆ ಊರಿನ ಅಜ್ಜಿಗೆ ಕಳಿಸಲೆಂದು ಪರರ ಕಾರಿಗೆ ಒರಗಿ ನಿಂತ ಹುಡುಗನ ಪೋಸೂ ಆ ಬೀದಿಯ ಬಳಕೆಯೇ. ಅವನು ಅಜ್ಜಿಗೆ ತೋರಿಸಲು ಬಯಸಿದ್ದು ಕಾರನ್ನು. ಅವನ ಹೆಗಲ ಹಿಂದೆ, ಫೋಕಸ್ ತಪ್ಪಿದ ಜಾಗದಲ್ಲಿ, ಅಂಗಡಿಯ ಸ್ಪ್ಯಾನಿಷ್ ಬೋರ್ಡೂ ಕುರ್ಚಿ ಹಾಕಿ ಕೂತ ನೆರೆಯವರೂ ಲೆಕ್ಕಕ್ಕಿಲ್ಲದೆ ಸೇರಿಕೊಂಡಿರುತ್ತಾರೆ. ಇಂಥ ಆಲ್ಬಮ್ ಕೈಗೆ ಸಿಕ್ಕರೆ ನಾನು ಮೊದಲು ನೋಡುವುದು ಆ ಮಸುಕು ಭಾಗವನ್ನೇ.