ಏಳು ಮಾತ್ರೆಗೆ ನಾಲ್ಕರ ಚೌಕ

ಏಬಲ್‌ಟನ್ ಲೈವ್ ತೆರೆದ ಕೂಡಲೇ ಅದು ಒಂದು ತೀರ್ಮಾನ ಮಾಡಿಟ್ಟಿರುತ್ತದೆ: ನಿಮಿಷಕ್ಕೆ 120 ಬಡಿತ, ಆವರ್ತಕ್ಕೆ ನಾಲ್ಕು. ತಂತ್ರಾಂಶಕ್ಕೆ ಹೊಸಬರಾದವರು ಅದನ್ನು ಸಂಗೀತದ ನಿಯಮವೆಂದೇ ನಂಬುತ್ತಾರೆ. ಜಯನಗರ, ಬಿ.ಟಿ.ಎಂ. ಲೇಔಟಿನ ಕೋಣೆಗಳಲ್ಲಿ ಕುಳಿತು ಹಳೆಯ ಕಾವ್ಯಕ್ಕೆ ಸಂಗೀತ ಹಾಕಹೊರಟವರಿಗೆ ತೊಡಕು ಇಲ್ಲೇ ಶುರು.

ಕುಮಾರವ್ಯಾಸನ ಭಾಮಿನಿ ಷಟ್ಪದಿ ಮೂರು-ನಾಲ್ಕು, ಮೂರು-ನಾಲ್ಕು ಎಂದು ನಡೆಯುತ್ತದೆ. ಏಳೇಳು ಮಾತ್ರೆ, ಹೆಚ್ಚುಕಡಿಮೆ ಮಿಶ್ರಛಾಪಿನ ನಡೆ. ನಾಲ್ಕರ ಚೌಕಕ್ಕೆ ಅದನ್ನು ತುರುಕಲು ಒಂದು ಲಘುವನ್ನು ಎಳೆದು ಗುರು ಮಾಡಬೇಕಾಗುತ್ತದೆ. ಕನ್ನಡದಲ್ಲಿ ಇದು ಸಣ್ಣ ಸಂಗತಿಯಲ್ಲ: 'ಬಳೆ' ಹಿಗ್ಗಿದರೆ 'ಬಾಳೆ'. ಮೂರನೆಯ, ಆರನೆಯ ಸಾಲಿನ ಕೊನೆಗೆ ಒಂಟಿ ಗುರುವೊಂದು ನಿಲ್ಲುತ್ತದಲ್ಲ, ಅದರ ಆಚೆಗಿನ ಮೌನ ಹಾಡುವವರ ಉಸಿರಿನ ಜಾಗ. ತೆರೆಯ ಮೇಲೆ ಅದು ಖಾಲಿ ಪಟ್ಟಿಯಾಗಿ ಕಾಣುವುದರಿಂದ ಎಷ್ಟೋ ಜನ ಕತ್ತರಿಸಿಬಿಡುತ್ತಾರೆ, ಇಲ್ಲವೇ ಡ್ರಮ್ಮಿನಿಂದ ತುಂಬುತ್ತಾರೆ.

ತಪ್ಪು ತಂತ್ರಾಂಶದ್ದಲ್ಲ. ಮೇಲಿನ ಪುಟ್ಟ ಪೆಟ್ಟಿಗೆಯಲ್ಲಿ 7/8 ಎಂದು ಬರೆದರೆ ಅದು ತಕರಾರಿಲ್ಲದೆ ಒಪ್ಪುತ್ತದೆ. 1997ರ ಆಟೋ-ಟ್ಯೂನ್ ಮಾತ್ರ ಬೇರೆ ಜಾತಿ: ತೈಲ ಶೋಧಕ್ಕಾಗಿ ಭೂಕಂಪನ ಅಲೆಗಳನ್ನು ಓದುತ್ತಿದ್ದ ಆ್ಯಂಡಿ ಹಿಲ್ಡೆಬ್ರಾಂಡ್ ರೂಪಿಸಿದ್ದು. ಬಿಗಿಯಾಗಿ ಹಚ್ಚಿದರೆ ಜಾರಬೇಕಾದ ಗಮಕ ಮೆಟ್ಟಿಲಾಗುತ್ತದೆ.

1978ರಲ್ಲಿ ನಿಸಾರ್ ಅಹಮದರ ಕವಿತೆಗಳನ್ನು ಮೈಸೂರು ಅನಂತಸ್ವಾಮಿ 'ನಿತ್ಯೋತ್ಸವ' ಕ್ಯಾಸೆಟ್ಟಾಗಿಸಿದರು. ಅಲ್ಲಿ ನನಗೆ ಈಗಲೂ ಹಿಡಿಸುವುದು, ರಾಗ ಪದದ ಮೇಲೆ ಕಾಲಿಡದಿರುವುದು. ಷಟ್ಪದಿಗೆ ಕೈಹಾಕುವವರು ಮೊದಲು ಕ್ಲಿಕ್ ಆರಿಸಿ ಪದ್ಯವನ್ನು ಬರಿದೇ ಓದಿ ಧ್ವನಿಮುದ್ರಿಸಲಿ, ಗಮಕಿಗಳಂತೆ. ಗೆರೆಗಳನ್ನು ಆಮೇಲೆ ಎಳೆದುಕೊಳ್ಳಬಹುದು.