ಮೃದಂಗಪಾಠದಲ್ಲಿ ತಾಳಗಳ ತಾರತಮ್ಯ

ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಏಳು ತಾಳಗಳನ್ನು ತಿಶ್ರವೇ ಮೊದಲಾದ ಐದು ಜಾತಿಗಳಿಂದ ಗುಣಿಸಿ 35ನ್ನೂ, ಅವನ್ನು ಮರಳಿ ಐದು ಗತಿಗಳಿಂದ ಗುಣಿಸಿ 175ನ್ನೂ ಪಡೆಯುವ ಕೋಷ್ಟಕವೊಂದು ನಮ್ಮ ಸಂಗೀತಶಾಸ್ತ್ರದ ಪಠ್ಯಪುಸ್ತಕಗಳಿಗೆ ಅಲಂಕಾರಪ್ರಾಯವಾಗಿ ನಿಂತಿದೆಯಷ್ಟೆ. ಮೃದಂಗವನ್ನು ಶ್ರದ್ಧೆಯಿಂದ ಅಭ್ಯಸಿಸಬೇಕೆಂದು ಬಂದ ವಿದ್ಯಾರ್ಥಿಯು ಇದನ್ನು ಕಂಡು ಎದೆಗುಂದಿದರೆ ಅದರಲ್ಲಿ ಅಪಾಯವೇನೂ ಇಲ್ಲ. ಎದೆಗುಂದದೆ, ಮೂವತ್ತೈದನ್ನೂ ಬಾಯಿಪಾಠ ಮಾಡಿ, ಪರೀಕ್ಷಕರು ಹೆಸರಿಸಿದ ತಾಳಕ್ಕೆ ಕ್ಷಣಾರ್ಧದಲ್ಲಿ ಮೋರವೊಂದನ್ನು ಲೆಕ್ಕಹಾಕಿ ಒಪ್ಪಿಸುವ ಚಾತುರ್ಯವನ್ನು ಸಂಪಾದಿಸಿ, ತಾಳಜ್ಞಾನವೆಂದರೆ ಇದೇ ಎಂದು ನಂಬಿದನಾದರೆ ಅವನ ವಿಷಯದಲ್ಲಿ ಚಿಂತಿಸತಕ್ಕದ್ದುಂಟು.

ಚತುರಶ್ರ ಜಾತಿಯ ಧ್ರುವತಾಳಕ್ಕೂ ಖಂಡ ಜಾತಿಯ ಅಟ್ಟತಾಳಕ್ಕೂ ಆವರ್ತವೊಂದಕ್ಕೆ ಅಕ್ಷರಗಳು 14. ಚತುರಶ್ರ ಮಠ್ಯಕ್ಕೂ ಮಿಶ್ರ ಝಂಪೆಗೂ 10. ಹದಿನಾಲ್ಕಕ್ಕೆ ಕಟ್ಟಿದ ಕೋರ್ವೆಯನ್ನು ಧ್ರುವದಲ್ಲಿ ನುಡಿಸಿದರೂ ಅಟ್ಟದಲ್ಲಿ ನುಡಿಸಿದರೂ ಅದು ಸಮಕ್ಕೆ ಬಂದು ಬೀಳುವುದು. ಗಣಿತದ ದೃಷ್ಟಿಯಿಂದ ಆಕ್ಷೇಪಿಸುವಂತಿಲ್ಲ. ಆದರೆ ಧ್ರುವವು ನಾಲ್ಕು, ಎರಡು, ನಾಲ್ಕು, ನಾಲ್ಕು ಎಂದು ಸಾಗುವಲ್ಲಿ, ಅಟ್ಟವು ಐದರ ಎರಡು ದೀರ್ಘವಾದ ಉಸಿರುಗಳನ್ನೆಳೆದು, ಕಡೆಗೆ ಎರಡೆರಡರ ಸಣ್ಣ ಹೆಜ್ಜೆಗಳನ್ನಿಟ್ಟು ಮನೆಯನ್ನು ಸೇರುತ್ತದೆ. ಪಚ್ಚಿಮಿರಿಯಂ ಆದಿಅಪ್ಪಯ್ಯನವರ ಭೈರವಿಯ ಅಟ್ಟತಾಳ ವರ್ಣವನ್ನು ಒಮ್ಮೆ ಗಮನವಿಟ್ಟು ಕೇಳಿದವನಿಗೆ ಆ ಕೊನೆಯ ಹೆಜ್ಜೆಗಳ ಗಾಂಭೀರ್ಯವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ; ಕೇಳದವನಿಗೆ ಕೋಷ್ಟಕವು ಅದನ್ನು ಎಂದಿಗೂ ತಿಳಿಸಲಾರದು. ಎರಡು ತಾಳಗಳಿಗೂ ಒಂದೇ ಮೋರವನ್ನು ಹೊಂದಿಸಿದ ವಿದ್ಯಾರ್ಥಿಯು ಎರಡನ್ನು ಕಲಿತಂತಾಗಲಿಲ್ಲ; ಹದಿನಾಲ್ಕರವರೆಗೆ ಎಣಿಸಲು ಕಲಿತಂತಾಯಿತು.

ಹಾಗಾದರೆ ಸೂಳಾದಿ ತಾಳಗಳನ್ನು ಕೈಬಿಡಬೇಕೆ? ಹಾಗೆನ್ನಲಾರೆ. ಹರಿದಾಸರ ಸುಳಾದಿಗಳಿಂದ ಹೆಸರು ಪಡೆದು, ಪುರಂದರದಾಸರ ಪರಂಪರೆಯ ಅಲಂಕಾರಗಳ ಮೂಲಕ ಇಂದಿಗೂ ಎಳೆಯ ಗಾಯಕರ ಬಾಯಲ್ಲಿ ನಲಿಯುತ್ತಿರುವ ಈ ಏಳನ್ನು ಮೃದಂಗದವನು ಅರಿಯದಿರುವುದು ಅನುಚಿತ. ಆದರೆ ಅರಿಯುವ ದಾರಿ ರಚನೆಗಳ ಮೂಲಕ ಹೋಗಬೇಕು. ಮುತ್ತುಸ್ವಾಮಿ ದೀಕ್ಷಿತರ ನವಗ್ರಹ ಕೃತಿಗಳಲ್ಲಿ ವಾರದ ಏಳು ಅಧಿಪತಿಗಳಿಗೆ ಏಳು ತಾಳಗಳು ಕ್ರಮವಾಗಿ ಸಂದಿವೆ: ಸೌರಾಷ್ಟ್ರದ ಸೂರ್ಯನು ಧ್ರುವದಲ್ಲಿ, ಪರಜಿನ ಶುಕ್ರನು ಅಟ್ಟದಲ್ಲಿ, ಅಸಾವೇರಿಯ ಚಂದ್ರನು ಮಠ್ಯದಲ್ಲಿ, ನಾಟಕುರಂಜಿಯ ಬುಧನು ಝಂಪೆಯಲ್ಲಿ. ಮೇಲೆ ಹೇಳಿದ ಸಮಸಂಖ್ಯೆಯ ಜೋಡಿಗಳೆರಡೂ ಇಲ್ಲಿಯೇ ದೊರೆಯುವುವು. ಚಂದ್ರನಿಗೆ ನುಡಿಸಿದ್ದನ್ನೇ ಬುಧನಿಗೂ ನುಡಿಸಿ ನೋಡಿದರೆ, ಸಮ ತಪ್ಪದಿದ್ದರೂ ಏನೋ ಒಗ್ಗದೆ ಹೋಯಿತೆಂಬುದು ಕೈಗೇ ತಿಳಿಯುತ್ತದೆ.

ನಿತ್ಯದ ಸಾಧನೆಗೆ ಯಾವುದನ್ನು ಆರಿಸಬೇಕೆಂದು ಕೇಳಿದರೆ ನಾನು ಮೊದಲು ಆದಿತಾಳವನ್ನೂ, ಎರಡನೆಯದಾಗಿ ಮತ್ತೆ ಆದಿತಾಳವನ್ನೇ ಹೇಳುವೆನು. ಇದು ವಿನೋದವಲ್ಲ. ಎಂಟು ಅಕ್ಷರದ ಈ ತಾಳವು ಒಂದು ಕಳೆಯಲ್ಲಿ ತೋರುವ ಮುಖವೇ ಬೇರೆ, ಪ್ರತಿಯೊಂದು ಕ್ರಿಯೆಯನ್ನೂ ಎರಡೆರಡು ಸಲ ಹಾಕುವ ಎರಡು ಕಳೆಯಲ್ಲಿ ತೋರುವ ಮುಖವೇ ಬೇರೆ. ವಿಳಂಬದಲ್ಲಿ ಒಂದು ಪೆಟ್ಟಿಗೂ ಮತ್ತೊಂದು ಪೆಟ್ಟಿಗೂ ನಡುವೆ ಬಿಚ್ಚಿಕೊಳ್ಳುವ ಅವಕಾಶವನ್ನು ಕಂಡ ಕೂಡಲೆ ಎಳೆಯ ವಾದಕನು, ಬರಿದಾದ ಮನೆಯನ್ನು ಸಾಮಾನಿನಿಂದ ತುಂಬುವವನಂತೆ, ಕಲಿತ ಸೊಲ್ಲುಗಳನ್ನೆಲ್ಲ ತಂದು ಸುರಿಯುತ್ತಾನೆ. ಎಡಗೈಯ ಒಂದು ಗುಮಕಿಯನ್ನು ಎಳೆದು ಬಿಟ್ಟು, ಗಾಯಕನ ಸಂಗತಿಗೆ ದಾರಿಮಾಡಿ, ಸುಮ್ಮನಿರುವುದು ಅವನಿಗೆ ಬರಲು ವರ್ಷಗಳೇ ಬೇಕು. ಪಾಲ್ಘಾಟ್ ಮಣಿ ಅಯ್ಯರವರ ವಾದನವನ್ನು ಹಾಡಿಗಾಗಿ ನುಡಿಸಿದ ವಾದನವೆಂದು ರಸಿಕರು ಕೊಂಡಾಡಿದುದರ ಅರ್ಥವು ಇಂಥ ಎಡೆಗಳಲ್ಲಿಯೇ ಸ್ಫುಟವಾಗುತ್ತದೆ. ಅದೇ ಆದಿತಾಳದಲ್ಲಿ ಎತ್ತುಗಡೆಯು ಒಂದೂವರೆ ಎಣಿಕೆಯಾದ ಮೇಲೆ ಬಂದಿತೆನ್ನಿ, ತ್ಯಾಗರಾಜರ ಎಷ್ಟೋ ಕೃತಿಗಳಲ್ಲಿ ಹಾಗೆಯೇ ಬರುವುದು, ಆಗ ಪರಿಚಿತವಾದ ಬೀದಿಯೇ ಅಪರಿಚಿತವಾದಂತೆ ತೋರುತ್ತದೆ.

ರೂಪಕದ ಬಗೆಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಸುಲಭವೆಂದು ಎಲ್ಲರೂ ಕಲಿಸುತ್ತಾರೆ, ಸುಲಭವೆಂದೇ ಎಲ್ಲರೂ ಅಲಕ್ಷಿಸುತ್ತಾರೆ.

ನನ್ನ ನಿಜವಾದ ಆಕ್ಷೇಪಣೆಯಿರುವುದು ಚಾಪುತಾಳಗಳನ್ನು ಕಲಿಸುವ ರೀತಿಯಲ್ಲಿ. ಕಛೇರಿಯಲ್ಲಿ ನಿತ್ಯವೂ ಕೇಳಿಬರುವ ಮಿಶ್ರಚಾಪು, ಖಂಡಚಾಪುಗಳಿಗೆ ಮೂವತ್ತೈದರ ಕೋಷ್ಟಕದಲ್ಲಿ ಎಡೆಯೇ ಇಲ್ಲವೆಂಬುದು ಆ ಕೋಷ್ಟಕದ ಮೇಲಿನ ಟೀಕೆಯೇ ಸರಿ. ಪಾಠದಲ್ಲಿಯಾದರೋ, ಆದಿಯಲ್ಲಿ ಕಲಿತ ಮೋರವನ್ನೇ ಅಲ್ಲಿಷ್ಟು ಕತ್ತರಿಸಿ ಇಲ್ಲಿಷ್ಟು ಹೊಲಿದು ಏಳಕ್ಕೆ ಹೊಂದಿಸಿಕೊಟ್ಟು, ಮಿಶ್ರಚಾಪು ಮುಗಿಯಿತೆಂದು ಹೇಳುವ ವಾಡಿಕೆ ಬೆಳೆದಿದೆ. ತಿಶ್ರ ತ್ರಿಪುಟಕ್ಕೂ ಏಳೇ ಅಕ್ಷರಗಳು. ಆದರೆ ಮೂರು, ಎರಡು, ಎರಡು ಎಂಬ ಅದರ ಅಂಗಗಳಿಗೂ, ತಕಿಟ ತಕಧಿಮಿ ಎಂದು ಒಂದು ಕಾಲನ್ನು ತುಸು ಎಳೆದಿಟ್ಟು ನಡೆಯುವ ಚಾಪುವಿಗೂ ಹೋಲಿಕೆಯೆಲ್ಲಿ! ಶ್ಯಾಮಾಶಾಸ್ತ್ರಿಗಳು ಈ ನಡೆಯನ್ನೇ ತಿರುಗಿಸಿ, ನಾಲ್ಕನ್ನು ಮುಂದಕ್ಕೂ ಮೂರನ್ನು ಹಿಂದಕ್ಕೂ ಇಟ್ಟು, ವಿಲೋಮ ಚಾಪುವಿನಲ್ಲಿ ಕೃತಿಗಳನ್ನು ರಚಿಸಿದರು. ಸಂಖ್ಯೆ ಎಳ್ಳಷ್ಟೂ ಬದಲಾಗಲಿಲ್ಲ, ಭಾವವು ಪೂರ್ತಿಯಾಗಿ ಬದಲಾಯಿತು. ಅಂತಹ ಕೃತಿಯೊಂದಕ್ಕೆ ಪಕ್ಕವಾದ್ಯ ನುಡಿಸಬಲ್ಲ ವಿದ್ಯಾರ್ಥಿಯನ್ನು, ಸಂಕೀರ್ಣ ಜಾತಿಯ ಧ್ರುವದಲ್ಲಿ ತನಿ ಆವರ್ತನವನ್ನು ಒಪ್ಪಿಸುವ ವಿದ್ಯಾರ್ಥಿಗಿಂತ ಮೇಲಿನ ತರಗತಿಯಲ್ಲಿ ಕೂರಿಸಲು ನಾನು ಹಿಂದೆಗೆಯೆನು.

ಬೊಬ್ಬಿಲಿ ಕೇಶವಯ್ಯನೆಂಬ ದಿಗ್ವಿಜಯಿ ಗಾಯಕನು ಸಿಂಹನಂದನ ತಾಳದಲ್ಲಿ ಹಾಡಿ ಸವಾಲೆಸೆಯಲು, ಅದೇ ಶ್ಯಾಮಾಶಾಸ್ತ್ರಿಗಳು ಶರಭನಂದನದಲ್ಲಿ ಹಾಡಿ ಅವನನ್ನು ಸೋಲಿಸಿದರೆಂಬ ಐತಿಹ್ಯವುಂಟು. ಆವರ್ತವೊಂದಕ್ಕೆ 128 ಅಕ್ಷರಗಳ ಸಿಂಹನಂದನವನ್ನು ಕಲಿಯಬೇಕೆಂಬ ಹಂಬಲವು ಎಳೆಯರಲ್ಲಿ ಮೂಡುವುದಕ್ಕೆ ಈ ಕಥೆಯೂ ಒಂದು ಕಾರಣವಿರಬಹುದು. ಆದರೆ ಸಭೆಯ ಪಂದ್ಯವನ್ನು ಗೆದ್ದುಕೊಟ್ಟ ಆ ತಾಳವನ್ನು ಶಾಸ್ತ್ರಿಗಳು ತಮ್ಮ ಕೃತಿಗಳ ನಿತ್ಯದ ವಾಹನವನ್ನಾಗಿ ಮಾಡಿಕೊಳ್ಳಲಿಲ್ಲ. ದೇವಿಯ ಮುಂದೆ ಕುಳಿತಾಗ ಅವರಿಗೆ ಬೇಕಾದದ್ದು ಏಳಕ್ಷರದ ಚಾಪು.