ಬೀಗ ಹಾಕಿದ ಜೀನೋಮ್

2000ದ ಜೂನ್ 26ರಂದು ಶ್ವೇತಭವನದಲ್ಲಿ ಅಧ್ಯಕ್ಷ ಕ್ಲಿಂಟನ್ ಜೊತೆ ನಿಂತವರು ಇಬ್ಬರು: ಸರ್ಕಾರಿ ಯೋಜನೆಯ ಫ್ರಾನ್ಸಿಸ್ ಕಾಲಿನ್ಸ್, ಸೆಲೆರಾ ಕಂಪನಿಯ ಕ್ರೇಗ್ ವೆಂಟರ್. ಮಾನವ ಜೀನೋಮಿನ, ಅಂದರೆ ಮನುಷ್ಯನ ಇಡೀ ಡಿಎನ್‌ಎ ಬರಹದ, ಕರಡು ಸಿದ್ಧವಾಗಿತ್ತು. ಗೆಲುವು ಇಬ್ಬರಿಗೂ ಸಮಪಾಲು ಎಂಬಂತಿತ್ತು ಆ ವೇದಿಕೆ. ಈ ಪಾಲಿನ ಲೆಕ್ಕ ನನಗೆ ಒಪ್ಪಿಗೆಯಿಲ್ಲ.

ವೆಂಟರ್‌ಗೆ ಸಲ್ಲಬೇಕಾದ್ದು ಸಲ್ಲಲಿ. 1990ರಲ್ಲಿ ಶುರುವಾದ ಸರ್ಕಾರಿ ಯೋಜನೆಗೆ 15 ವರ್ಷಗಳ ಗಡುವು, 300 ಕೋಟಿ ಡಾಲರಿನ ಅಂದಾಜು. 1998ರಲ್ಲಿ ಹುಟ್ಟಿದ ಸೆಲೆರಾ ಮೂರೇ ವರ್ಷದಲ್ಲಿ ಮುಗಿಸುತ್ತೇನೆಂದಿತು. ಸರ್ಕಾರಿ ತಂಡ ಡಿಎನ್‌ಎಯ ದೊಡ್ಡ ತುಂಡುಗಳ ಜಾಗ ಗುರುತಿಟ್ಟುಕೊಂಡು ಒಂದೊಂದಾಗಿ ಓದುತ್ತಿತ್ತು. ಸೆಲೆರಾ ಇಡೀ ಜೀನೋಮನ್ನೇ ಚೂರುಚೂರು ಮಾಡಿ ಓದಿ, ಜೋಡಿಸುವ ಕೆಲಸವನ್ನು ಕಂಪ್ಯೂಟರಿಗೆ ಬಿಟ್ಟಿತು. ಬರ್ಕ್‌ಲಿಯ ಸಾರ್ವಜನಿಕ ತಂಡದೊಂದಿಗೆ ಸೇರಿ ಹಣ್ಣುನೊಣದ ಮೇಲೆ ಈ ವಿಧಾನವನ್ನು ಸಾಧಿಸಿಯೂ ತೋರಿಸಿತು. ಸರ್ಕಾರಿ ತಂಡ ಚುರುಕಾದದ್ದು ಈ ಪೈಪೋಟಿಯಿಂದಲೇ.

ಆದರೆ ಮಾನವ ಜೀನೋಮ್ ಜೋಡಿಸುವಾಗ ಸೆಲೆರಾ ಸಾರ್ವಜನಿಕ ದತ್ತಾಂಶವನ್ನೂ ಬಳಸಿಕೊಂಡಿತು. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಓದಿದ್ದನ್ನು 24 ಗಂಟೆಯೊಳಗೆ ಎಲ್ಲರಿಗೂ ತೆರೆದಿಡಬೇಕೆಂದು ಸರ್ಕಾರಿ ಯೋಜನೆಯ ವಿಜ್ಞಾನಿಗಳು 1996ರಲ್ಲಿ ಬರ್ಮುಡಾದಲ್ಲಿ ಸೇರಿ ತೀರ್ಮಾನಿಸಿದ್ದರು. ಕಂಪನಿ ಊರ ಬಾವಿಯಿಂದ ಸೇದಿಕೊಂಡಿತು, ತನ್ನ ಬಾವಿಗೆ ಬೀಗ ಹಾಕಿತು. ಚಂದಾ ಕಟ್ಟಿದವರಿಗೆ ಕೀಲಿಕೈ. 2001ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಬಂಧ ಬಂದಾಗಲೂ ದತ್ತಾಂಶಕ್ಕೆ ಷರತ್ತುಗಳಿದ್ದವು.

ಕರಡನ್ನು ತಿದ್ದಿ, ಬಿಟ್ಟುಹೋದ ಜಾಗಗಳನ್ನು ತುಂಬುವ ಕೆಲಸದಲ್ಲಿ ಲಾಭವೂ ಇಲ್ಲ, ಚಪ್ಪಾಳೆಯೂ ಇಲ್ಲ. ಅದನ್ನು 2003ರ ಏಪ್ರಿಲ್‌ವರೆಗೆ ಮಾಡಿದ್ದು ಸಾರ್ವಜನಿಕ ತಂಡ. ಸೆಲೆರಾ ಮೊದಲು ಓದಿದ್ದ ಜೀನುಗಳನ್ನೂ ಆ ತಂಡ ಓದಿ ತೆರೆದಿಟ್ಟದ್ದರಿಂದ, ಅವುಗಳ ಮೇಲಿನ ಕಂಪನಿಯ ಹಿಡಿತ ಹೆಚ್ಚೆಂದರೆ ಎರಡು ವರ್ಷ ನಡೆಯಿತು. ಅಷ್ಟಕ್ಕೇ ಎಷ್ಟು ನಷ್ಟ? ಅರ್ಥಶಾಸ್ತ್ರಜ್ಞೆ ಹೈಡಿ ವಿಲಿಯಮ್ಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ಜೀನುಗಳ ಮೇಲಿನ ಮುಂದಿನ ಸಂಶೋಧನೆ ಮತ್ತು ರೋಗಪತ್ತೆ ಪರೀಕ್ಷೆಗಳ ತಯಾರಿ ಶೇ. 20ರಿಂದ 30ರಷ್ಟು ಕುಗ್ಗಿತು. ಬೀಗ ತೆಗೆದ ಮೇಲೂ ಆ ಕೊರತೆ ತುಂಬಿಬರಲಿಲ್ಲ.

ಖಾಸಗಿ ಹಣದ ಮೇಲೆ ನನ್ನ ಆಕ್ಷೇಪವಿಲ್ಲ. ಯಾರ ದುಡ್ಡಾದರೂ ಸರಿ, ಓದಿದ್ದು ಎಲ್ಲರಿಗೆ ಯಾವಾಗ ಸಿಗುತ್ತದೆಂಬುದು ಮೊದಲ ದಿನವೇ ತೀರ್ಮಾನವಾಗಿರಬೇಕು. ಬರ್ಮುಡಾದಲ್ಲಿ ಅದು ಆಗಿತ್ತು, ಸೆಲೆರಾದಲ್ಲಿ ಆಗಿರಲಿಲ್ಲ. ಕೊನೆಗೆ ಚಂದಾ ವ್ಯಾಪಾರ ನಿಲ್ಲಿಸಿದ ಸೆಲೆರಾ, 2005ರಲ್ಲಿ ತನ್ನ ದತ್ತಾಂಶವನ್ನು ಸಾರ್ವಜನಿಕ ಜೆನ್‌ಬ್ಯಾಂಕಿಗೇ ಒಪ್ಪಿಸಿತು.